ಕ್ವೇಟೊ ಕೈಯಿಂದ ಚೆಂಡು ಜಾರಿದ ರಾತ್ರಿ

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಮೂರು ದೊಡ್ಡ ತಂಡಗಳಿವೆ. ಮೂರಕ್ಕೂ ಒಂದೇ ಬಣ್ಣ, ಕಪ್ಪು-ಹಳದಿ. ಅಮೆರಿಕನ್ ಫುಟ್‌ಬಾಲ್ ಆಡುವ ಸ್ಟೀಲರ್ಸ್ 2006ರಲ್ಲಿ ಸೂಪರ್ ಬೌಲ್ ಗೆದ್ದಿತು, 2009ರಲ್ಲಿ ಮತ್ತೆ ಗೆದ್ದಿತು. ಅದೇ 2009ರಲ್ಲಿ ಐಸ್ ಹಾಕಿಯ ಪೆಂಗ್ವಿನ್ಸ್ ಸ್ಟ್ಯಾನ್ಲಿ ಕಪ್ ಎತ್ತಿತು. ಬೇಸ್‌ಬಾಲ್ ಆಡುವ ಪೈರೇಟ್ಸ್‌ನದು ಮಾತ್ರ ಬೇರೆಯೇ ಕಥೆ. 1993ರಿಂದ 2012ರವರೆಗೆ, ಒಂದು ವರ್ಷವೂ ತಪ್ಪದಂತೆ, ಈ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸತತ 20 ಋತು. ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳಲ್ಲಿ ಇಷ್ಟು ಉದ್ದದ ಸೋಲಿನ ಸರಪಳಿ ಇನ್ನೊಂದು ತಂಡಕ್ಕಿಲ್ಲ.

ಆ ತಂಡ 2013ರಲ್ಲಿ ಪ್ಲೇಆಫ್‌ಗೆ ಮರಳಿತು. ಕಪ್ ಗೆಲ್ಲಲಿಲ್ಲ, ಫೈನಲ್ಲಿಗೂ ಹೋಗಲಿಲ್ಲ. ಆದರೂ ಪಿಟ್ಸ್‌ಬರ್ಗಿನ ಬೇಸ್‌ಬಾಲ್ ಅಭಿಮಾನಿಯನ್ನು ಮಾತಿಗೆಳೆದರೆ ಅವರು ಆ ವರ್ಷದ ಅಕ್ಟೋಬರ್ 1ರ ರಾತ್ರಿಯನ್ನು ಎಸೆತ ಎಸೆತವಾಗಿ ಹೇಳುತ್ತಾರೆ. ಒಂದು ಊರಿಗೆ ಊರೇ ಒಬ್ಬ ಆಟಗಾರನ ಹೆಸರು ಹಿಡಿದು ರಾಗವಾಗಿ ಕೂಗಿದ್ದು, ಆ ಆಟಗಾರನ ಕೈಯಿಂದ ಚೆಂಡು ಜಾರಿ ಬಿದ್ದದ್ದು ಅವತ್ತೇ.

ಕಾಯುವುದೆಂದರೇನು ಎಂದು ಆರ್‌ಸಿಬಿ ಅಭಿಮಾನಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2008ರಿಂದ ಕಾದು, 2025ರಲ್ಲಿ ಕಪ್ ಕಂಡವರು ಅವರು. ಆದರೆ ಆ ನಡುವೆ ಆರ್‌ಸಿಬಿ ಮೂರು ಸಲ ಫೈನಲ್ ಆಡಿತ್ತು. ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸುವ ಸಂಕಟ ಒಂದು ತರಹದ್ದು. ಮೆಟ್ಟಿಲ ಬುಡಕ್ಕೂ ಬಾರದೆ ಅಂಗಳದಲ್ಲೇ ಕಳೆದುಹೋಗುವ ಸಂಕಟ ಬೇರೆಯೇ. ಅದೂ ಬೇಸ್‌ಬಾಲಿನಲ್ಲಿ. ಐಪಿಎಲ್ ತಂಡಕ್ಕೆ ಲೀಗ್ ಹಂತದಲ್ಲಿ 14 ಪಂದ್ಯ, ಎರಡು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ. ಬೇಸ್‌ಬಾಲ್ ತಂಡ ವಸಂತದಲ್ಲಿ ಶುರು ಮಾಡಿ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡುತ್ತದೆ. ಹೆಚ್ಚುಕಮ್ಮಿ ದಿನಾ ಪಂದ್ಯ. ಸೋಲುವ ತಂಡವನ್ನು ಹಚ್ಚಿಕೊಂಡವರಿಗೆ ಸೋಲು ಸಂಜೆಯ ಹೊತ್ತು ಮನೆಗೆ ಬರುವ ನೆಂಟ. ಜೂನ್ ಹೊತ್ತಿಗೆ ಆಸೆ ಬಾಡುತ್ತದೆ, ಆಗಸ್ಟ್ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ, ಇನ್ನೂ 50 ಪಂದ್ಯ ಉಳಿದಿರುತ್ತವೆ.

ಪೈರೇಟ್ಸ್‌ನ ಸೋಲಿನ ಸರಪಳಿ ಶುರುವಾದದ್ದು ಒಂದೇ ಒಂದು ಓಟದಿಂದ. 1992ರ ಅಕ್ಟೋಬರ್ 14, ಅಟ್ಲಾಂಟಾ. ನ್ಯಾಷನಲ್ ಲೀಗ್ ಸರಣಿಯ ಏಳನೆಯ ಹಾಗೂ ನಿರ್ಣಾಯಕ ಪಂದ್ಯ. ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಅಂದರೆ ಫೈನಲ್ಲಿಗೆ. ಪೈರೇಟ್ಸ್ 1990ರಲ್ಲೂ 1991ರಲ್ಲೂ ಇದೇ ಹಂತಕ್ಕೆ ಬಂದು ಸೋತಿತ್ತು. ಈ ಸಲ ಒಂಬತ್ತನೆಯ, ಅಂದರೆ ಕೊನೆಯ ಇನಿಂಗ್ಸ್ ಶುರುವಾದಾಗ 2-0 ಮುಂದಿತ್ತು. ಮೂವರನ್ನು ಔಟ್ ಮಾಡಿದರೆ ಮುಗಿಯಿತು. ಇಬ್ಬರು ಔಟಾದರು, ಆ ಹೊತ್ತಿಗೆ ಅಟ್ಲಾಂಟಾ ಒಂದು ರನ್ ಗಳಿಸಿ ಮೂರೂ ಬೇಸ್‌ಗಳಲ್ಲಿ ಆಟಗಾರರನ್ನು ನಿಲ್ಲಿಸಿತ್ತು. ಆಗ ಬ್ಯಾಟ್ ಹಿಡಿದು ಬಂದವರು ಫ್ರಾನ್ಸಿಸ್ಕೊ ಕಾಬ್ರೇರಾ. ಇಡೀ ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಬ್ಯಾಟ್ ಮಾಡಿದ್ದ ಬದಲಿ ಆಟಗಾರ. ಅವರು ಎಡಗಡೆಗೆ ಹೊಡೆದರು. ಮೂರನೆಯ ಬೇಸಿನಲ್ಲಿದ್ದವರು ರನ್ ಪೂರ್ತಿಯಾಗುವ ಹೋಮ್ ಪ್ಲೇಟನ್ನು ನಿರಾಯಾಸವಾಗಿ ಮುಟ್ಟಿದರು, 2-2. ಎರಡನೆಯ ಬೇಸಿನಿಂದ ಓಡುತ್ತಿದ್ದವರು ಸಿಡ್ ಬ್ರೀಮ್. ಮೊಣಕಾಲಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಯಾಗಿ ಬೇಸ್‌ಬಾಲಿನ ನಿಧಾನಿಗಳಲ್ಲಿ ಒಬ್ಬರೆನಿಸಿದ್ದವರು. ಸಾಲದ್ದಕ್ಕೆ ಎರಡು ವರ್ಷ ಹಿಂದಿನವರೆಗೂ ಪೈರೇಟ್ಸ್‌ನ ಆಟಗಾರ. ಎಡಗಡೆಯಿಂದ ಬ್ಯಾರಿ ಬಾಂಡ್ಸ್ ಎಸೆದ ಚೆಂಡು ಬರುವುದಕ್ಕೂ ಬ್ರೀಮ್ ಜಾರಿ ಬಂದು ಹೋಮ್ ಪ್ಲೇಟ್ ಮುಟ್ಟುವುದಕ್ಕೂ ಅಂತರ ಕೂದಲೆಳೆಯಷ್ಟು. ಮುಟ್ಟಿದ್ದರು. 3-2. ಅಟ್ಲಾಂಟಾದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರೆ, ಪೈರೇಟ್ಸ್‌ನ ಆಂಡಿ ವ್ಯಾನ್ ಸ್ಲೈಕ್ ಮೈದಾನದ ನಡುವೆ ಹುಲ್ಲಿನ ಮೇಲೆ ಕುಕ್ಕರಿಸಿ ಅದನ್ನೇ ನೋಡುತ್ತ ಕೂತುಬಿಟ್ಟರು.

ಆ ಚಳಿಗಾಲದಲ್ಲೇ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಅಂದು ಬಹುಪಾಲು ಪಂದ್ಯ ಎಸೆದ ಡಗ್ ಡ್ರೇಬೆಕ್ ಹ್ಯೂಸ್ಟನ್‌ಗೆ ಹೋದರು. ಹೆಚ್ಚು ಸಂಬಳ ಕೊಡುವ ತಂಡಗಳಿರುವಾಗ ಸಣ್ಣ ಊರಿನ ತಂಡ ಯಾರನ್ನೂ ಹಿಡಿದಿಟ್ಟುಕೊಳ್ಳಲಾರದು. ಪಿಟ್ಸ್‌ಬರ್ಗ್ ಆ ಹೊತ್ತಿಗೆ ತನ್ನ ಉಕ್ಕಿನ ಕಾರ್ಖಾನೆಗಳನ್ನೂ ಬಹುಮಟ್ಟಿಗೆ ಕಳೆದುಕೊಂಡಿತ್ತು. ವಿಚಿತ್ರವೆಂದರೆ ಊರಿಗೆ ಊರೇ ಶಪಿಸಿದ ಸಿಡ್ ಬ್ರೀಮ್ ಮಾತ್ರ ಆಟ ಬಿಟ್ಟ ಮೇಲೆ ಪಿಟ್ಸ್‌ಬರ್ಗಿನ ಆಸುಪಾಸಿನಲ್ಲೇ ನೆಲೆಸಿದರು. ಬಿಟ್ಟು ಹೋಗದೆ ಉಳಿದವರು ಅವರೇ!

ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಪೂರ್ತಿ ಹೇಳುವುದು ಬೇಡ, ಓದುವವರಿಗೂ ಸುಸ್ತು. ಕೆಲವು ತುಣುಕು ಸಾಕು. 1997ರಲ್ಲಿ ಇಡೀ ಪೈರೇಟ್ಸ್ ತಂಡದ ಸಂಬಳ ಸುಮಾರು 90 ಲಕ್ಷ ಡಾಲರ್ ಇತ್ತು. ಶಿಕಾಗೊದ ಆಲ್ಬರ್ಟ್ ಬೆಲ್ ಒಬ್ಬರ ಸಂಬಳವೇ ಅದಕ್ಕಿಂತ ಜಾಸ್ತಿ. ಆ ಬಡ ತಂಡವೇ ಆ ದಶಕದಲ್ಲಿ ಕೊಂಚ ಮಾನ ಉಳಿಸಿದ್ದು ಎನ್ನುವುದು ಬೇರೆ ಮಾತು. 2001ರಲ್ಲಿ ಅಲಿಗೇನಿ ನದಿಯ ದಂಡೆಯ ಮೇಲೆ ಹೊಸ ಮೈದಾನ ಪಿಎನ್‌ಸಿ ಪಾರ್ಕ್ ತೆರೆಯಿತು. ಅಮೆರಿಕದ ಅತ್ಯಂತ ಚೆಂದದ ಬೇಸ್‌ಬಾಲ್ ಮೈದಾನಗಳಲ್ಲಿ ಒಂದೆಂಬ ಹೆಸರು ಅದಕ್ಕೆ. ತಂಡ ಅಲ್ಲಿನ ಮೊದಲ ವರ್ಷವನ್ನು 100 ಸೋಲುಗಳೊಂದಿಗೆ ಮುಗಿಸಿತು. ಅದೇ ವರ್ಷ ಅಂಪೈರ್ ತೀರ್ಪಿಗೆ ರೇಗಿದ ಮ್ಯಾನೇಜರ್ ಲಾಯ್ಡ್ ಮೆಕ್ಲೆಂಡನ್ ಮೊದಲ ಬೇಸನ್ನೇ ನೆಲದಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೋಗಿಬಿಟ್ಟರು. 2007ರಲ್ಲಿ ಬೇಸತ್ತ ಅಭಿಮಾನಿಗಳು ಪಂದ್ಯದ ನಡುವೆ ಎದ್ದು ಹೊರನಡೆದು ಮಾಲೀಕರ ವಿರುದ್ಧ ಪ್ರತಿಭಟಿಸಿದರು. 2010ರ ಏಪ್ರಿಲ್‌ನಲ್ಲಿ ತವರಿನಲ್ಲೇ ಮಿಲ್ವಾಕಿ ಎದುರು 20-0 ಸೋಲು. ಜನ ಮೈದಾನಕ್ಕೆ ಬರುವುದು ಪಂದ್ಯದ ನಂತರದ ಪಟಾಕಿ ನೋಡಲಿಕ್ಕೆ, ಬಾಗಿಲಲ್ಲಿ ಪುಕ್ಕಟೆ ಕೊಡುವ ತಲೆಯಾಡಿಸುವ ಬೊಂಬೆಗಾಗಿ ಎಂಬ ಮಾತು ಊರಲ್ಲಿ ಹಳೆಯದಾಗಿತ್ತು.

ಈ ಕೆಟ್ಟ ಕಾಲದಲ್ಲೇ ಪೈರೇಟ್ಸ್‌ಗೆ ಭಾರತದ ನಂಟು ಬಂದದ್ದು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಪಟುಗಳು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಟಿವಿ ಸ್ಪರ್ಧೆಯೊಂದರಲ್ಲಿ ವೇಗವಾಗಿ ಚೆಂಡೆಸೆದು ಆಯ್ಕೆಯಾಗಿದ್ದರು. ಅದಕ್ಕೆ ಮೊದಲು ಅವರು ಬೇಸ್‌ಬಾಲ್ ಆಡಿದವರೇ ಅಲ್ಲ. 2008ರ ನವೆಂಬರ್‌ನಲ್ಲಿ ಪೈರೇಟ್ಸ್ ಇಬ್ಬರಿಗೂ ಕರಾರು ಕೊಟ್ಟಿತು. ಕಳೆದುಕೊಳ್ಳಲು ಏನೂ ಇಲ್ಲದ ತಂಡವೇ ಇಂಥ ಜೂಜು ಆಡೀತು. ಇಬ್ಬರೂ ಕೆಳಗಿನ ಹಂತದ ಲೀಗುಗಳನ್ನು ದಾಟಲಿಲ್ಲ. ರಿಂಕು ಗಾಯಗಳಿಂದ ಬಸವಳಿದು ಆಮೇಲೆ ವೃತ್ತಿಪರ ಕುಸ್ತಿಯ ಕಡೆ ಹೊರಳಿದರು. ಇಬ್ಬರ ಕಥೆಯನ್ನೂ ಡಿಸ್ನಿ 2014ರಲ್ಲಿ ಸಿನಿಮಾ ಮಾಡಿತು. ಬೇಸ್‌ಬಾಲಿನ ಸೋಲು-ಗೆಲುವು ತಿಳಿಯದ ನಮ್ಮವರಿಗೆ ಪಿಟ್ಸ್‌ಬರ್ಗ್ ಗೊತ್ತಿರುವುದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ, ಇಲ್ಲವೇ ಪೆನ್ ಹಿಲ್ಸ್ ಗುಡ್ಡದ ವೆಂಕಟೇಶ್ವರ ದೇವಸ್ಥಾನದಿಂದ.

ತಂಡ ಎದ್ದು ನಿಂತ ಬಗೆ ಸಿನಿಮಾಕ್ಕಿಂತ ಸ್ವಾರಸ್ಯವಾಗಿದೆ, ಆದರೆ ಅದರಲ್ಲಿ ಹೆಚ್ಚಿನದು ಲೆಕ್ಕಾಚಾರ. 2011ರ ಜುಲೈನಲ್ಲಿ ಪೈರೇಟ್ಸ್ ತನ್ನ ವಿಭಾಗದ ಅಗ್ರಸ್ಥಾನದಲ್ಲಿತ್ತು. ಅಟ್ಲಾಂಟಾದಲ್ಲೇ, ಮತ್ತೆ ಅದೇ ಊರಲ್ಲಿ, 19 ಇನಿಂಗ್ಸ್‌ವರೆಗೆ ಎಳೆದ ಪಂದ್ಯವೊಂದನ್ನು ಹೋಮ್ ಪ್ಲೇಟ್ ಬಳಿಯ ತಪ್ಪು ತೀರ್ಪಿನಿಂದ ಸೋತ ಮೇಲೆ ಕುಸಿಯಿತು, 72-90ಕ್ಕೆ ನಿಂತಿತು. 2012ರ ಆಗಸ್ಟ್‌ನಲ್ಲಿ 63 ಗೆದ್ದು 47 ಸೋತಿದ್ದ ತಂಡ ಕೊನೆಗೆ 79-83. ಎರಡು ವರ್ಷ ಹೀಗೆ ಉಣಬಡಿಸಿ ಎಲೆ ಎಳೆದುಕೊಂಡ ಮೇಲೆ ಯಾರು ನಂಬುತ್ತಾರೆ?

ಮ್ಯಾನೇಜರ್ ಕ್ಲಿಂಟ್ ಹರ್ಡಲ್ ಹಳೆಯ ಕಾಲದ ಮನುಷ್ಯ. ಆದರೂ ಅಂಕಿಅಂಶ ಓದುವ ಹುಡುಗರನ್ನು ಡ್ರೆಸ್ಸಿಂಗ್ ರೂಮಿನೊಳಗೆ ಬಿಟ್ಟುಕೊಂಡರು. ಅವರು ಹೇಳಿದ್ದು ಸರಳ ಸಂಗತಿ. ಬಹುತೇಕ ಬ್ಯಾಟರ್‌ಗಳು ನೆಲಕ್ಕೆ ಹೊಡೆದ ಚೆಂಡು ಅವರವರಿಗೆ ಒಗ್ಗಿದ ಒಂದೇ ಕಡೆಗೆ ಉರುಳುತ್ತದೆ. ಹಾಗಿದ್ದರೆ ಫೀಲ್ಡರ್‌ಗಳು ನೂರು ವರ್ಷದಿಂದ ನಿಂತ ಜಾಗದಲ್ಲೇ ಯಾಕೆ ನಿಲ್ಲಬೇಕು? ಒಬ್ಬೊಬ್ಬ ಬ್ಯಾಟರ್‌ಗೂ ಜಾಗ ಬದಲಿಸಿ ನಿಲ್ಲುವುದನ್ನು ಪೈರೇಟ್ಸ್ ಹಿಂದಿನ ವರ್ಷಕ್ಕಿಂತ ಹಲವು ಪಟ್ಟು ಹೆಚ್ಚಿಸಿತು. ಚೆಂಡು ಗಾಳಿಗೇರದೆ ನೆಲ ಕಚ್ಚುವಂತೆ ಕೆಳಗೆ ಎಸೆಯಿರಿ ಎಂದು ಚೆಂಡೆಸೆಯುವ ಪಿಚ್ಚರ್‌ಗಳಿಗೂ ಹೇಳಿತು. ಎದುರಾಳಿಗಳಿಂದ ಆ ವರ್ಷ ಅತಿ ಹೆಚ್ಚು ನೆಲದ ಹೊಡೆತ ಹೊಡೆಸಿದ ತಂಡ ಅದೇ ಆಯಿತು.

ಇನ್ನು ಕ್ಯಾಚರ್, ಅಂದರೆ ಬೇಸ್‌ಬಾಲಿನ ವಿಕೆಟ್ ಕೀಪರ್. ನ್ಯೂಯಾರ್ಕ್ ಯಾಂಕೀಸ್‌ನಲ್ಲಿದ್ದ ರಸೆಲ್ ಮಾರ್ಟಿನ್‌ರ ಬ್ಯಾಟಿಂಗ್ ಸರಾಸರಿ 2012ರಲ್ಲಿ ಬರೀ .211. ಪೈರೇಟ್ಸ್ ಅವರಿಗೆ ಎರಡು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್ ಕೊಟ್ಟಾಗ ಜನ ಹುಬ್ಬೇರಿಸಿದರು. ಮಾರ್ಟಿನ್‌ರ ವಿದ್ಯೆ ಬ್ಯಾಟಿನಲ್ಲಿ ಇರಲಿಲ್ಲ. ಬ್ಯಾಟರ್ ಹೊಡೆಯಬೇಕಾದ ವಲಯದ ಗೆರೆಯಂಚಿನ ಎಸೆತವನ್ನು ಗ್ಲೌಸ್ ಅಲುಗದಂತೆ ಹಿಡಿದು, ಚೆಂಡು ಒಳಗೇ ಬಂತೆಂದು ಅಂಪೈರ್‌ಗೆ ತೋರುವಂತೆ ಮಾಡುವುದರಲ್ಲಿತ್ತು. ಒಂದು ಪಂದ್ಯದಲ್ಲಿ ಇಂಥ ನಾಲ್ಕಾರು ಎಸೆತ ತಮ್ಮ ಕಡೆ ಬಿದ್ದರೆ 162 ಪಂದ್ಯಕ್ಕೆ ಎಷ್ಟಾಯಿತು ಎಂದು ಲೆಕ್ಕದ ಹುಡುಗರು ಗುಣಿಸಿದ್ದರು. ಪಿಚ್ಚರ್ ಫ್ರಾನ್ಸಿಸ್ಕೊ ಲಿರಿಯಾನೊ ಅವರದು ಇನ್ನೂ ತಮಾಷೆ. ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳನ್ನು ಬೆಚ್ಚಿಬೀಳಿಸಲು ಬಾಗಿಲು ಬಡಿಯಲು ಹೋಗಿ ಬಲಗೈ ಮುರಿದುಕೊಂಡರು. ಪುಣ್ಯಕ್ಕೆ ಎಸೆಯುವುದು ಎಡಗೈಯಲ್ಲಿ. ಕರಾರನ್ನು ತೀರಾ ಕಡಿಮೆ ಹಣಕ್ಕೆ ತಿದ್ದಿ ಬರೆಯಲಾಯಿತು. ಅವರು 16 ಪಂದ್ಯ ಗೆದ್ದುಕೊಟ್ಟರು.

ಸೆಪ್ಟೆಂಬರ್ 9, ಟೆಕ್ಸಸ್. ಗೆರಿಟ್ ಕೋಲ್ ಎಂಬ ಹೊಸ ಹುಡುಗ ಏಳು ಇನಿಂಗ್ಸ್ ಎಸೆದ, ತಂಡ 1-0ರಿಂದ ಗೆದ್ದಿತು. ಅದು 82ನೆಯ ಗೆಲುವು. 162ರಲ್ಲಿ 82 ಗೆದ್ದರೆ ಆ ವರ್ಷ ಇನ್ನು ಸೋಲಿನ ವರ್ಷ ಆಗಲಾರದು. ಇಪ್ಪತ್ತು ವರ್ಷದ ಸರಪಳಿ ಅಲ್ಲಿಗೆ ತುಂಡಾಯಿತು. ಎರಡು ವಾರದ ನಂತರ, ಸೆಪ್ಟೆಂಬರ್ 23ರಂದು ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಸ್ಟಾರ್ಲಿಂಗ್ ಮಾರ್ಟೆ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು 2-1 ಮಾಡಿದರು. ಕೊನೆಯ ಔಟ್ ಹೇಗಾಯಿತು ನೋಡಿ. ಶಿಕಾಗೊದವರ ಹೊಡೆತ ಬಲಗಡೆಗೆ ಹೋಯಿತು, ಫೀಲ್ಡರ್ ಕೈಯಲ್ಲಿ ಚೆಂಡು ತಡವರಿಸಿತು, ಸಮ ಮಾಡುವ ರನ್‌ಗಾಗಿ ಓಟಗಾರ ಹೋಮ್ ಪ್ಲೇಟ್ ಕಡೆ ನುಗ್ಗಿದ. ಚೆಂಡು ಕೈಯಿಂದ ಕೈಗೆ ಬಂತು, ಮಾರ್ಟಿನ್ ಓಟಗಾರನನ್ನು ಮುಟ್ಟಿಸಿ ಚೆಂಡನ್ನು ಮೇಲೆತ್ತಿ ಹಿಡಿದರು. ಔಟ್. 1992ರಲ್ಲಿ ಸಿಡ್ ಬ್ರೀಮ್ ದಾಟಿಹೋದ ಜಾಗದಲ್ಲೇ, ಅಂಥದೇ ಓಟ, ಈ ಸಲ ದಾಟಲಿಲ್ಲ. ಕಥೆಗಾರ ಯಾರಾದರೂ ಹೀಗೆ ಬರೆದಿದ್ದರೆ ಸಂಪಾದಕರು ತೀರಾ ಆಯಿತು ಅಂತ ಗೆರೆ ಎಳೆಯುತ್ತಿದ್ದರು. ಅದೇ ರಾತ್ರಿ ವಾಷಿಂಗ್ಟನ್ ತಂಡ ಸೋತದ್ದರಿಂದ ಪೈರೇಟ್ಸ್‌ನ ಪ್ಲೇಆಫ್ ಜಾಗ ಖಚಿತವಾಯಿತು.

ಮೂವತ್ತು ತಂಡಗಳಲ್ಲಿ ಆಗ ಪ್ಲೇಆಫ್‌ಗೆ ಬರುತ್ತಿದ್ದುದು ಹತ್ತು. ಎರಡು ಲೀಗ್‌ಗಳಲ್ಲಿ ಒಂದೊಂದರಿಂದ ಮೂರು ವಿಭಾಗಗಳ ವಿಜೇತರು, ಜೊತೆಗೆ ಅವರ ನಂತರ ಹೆಚ್ಚು ಗೆದ್ದ ಎರಡು ‘ವೈಲ್ಡ್ ಕಾರ್ಡ್’ ತಂಡಗಳು. ಈ ಎರಡರ ನಡುವೆ ಒಂದೇ ಪಂದ್ಯ. ಆರು ತಿಂಗಳು ದುಡಿದದ್ದು ಮೂರು ಗಂಟೆಯಲ್ಲಿ ಮಣ್ಣುಪಾಲಾಗಬಹುದು. ಪೈರೇಟ್ಸ್ 94 ಗೆದ್ದಿತ್ತು. ಎದುರಾಳಿ ನೆರೆಯ ರಾಜ್ಯದ ಸಿನ್ಸಿನಾಟಿ ರೆಡ್ಸ್. ಜಾಗ ಪಿಎನ್‌ಸಿ ಪಾರ್ಕ್.

ಆ ಮೈದಾನಕ್ಕೆ ಪೇಟೆಯಿಂದ ನಡೆದು ಬರುವ ದಾರಿ ರಾಬರ್ಟೊ ಕ್ಲೆಮೆಂಟೆ ಸೇತುವೆ. ಪಂದ್ಯದ ದಿನ ಅಲ್ಲಿ ವಾಹನ ಬಿಡುವುದಿಲ್ಲ. ಕ್ಲೆಮೆಂಟೆ ಪೈರೇಟ್ಸ್‌ನ ದಂತಕಥೆ. ಸರಿಯಾಗಿ 3,000 ಹಿಟ್ ಗಳಿಸಿ, 1972ರ ಕೊನೆಯ ದಿನ ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡವರು. ಅವರ ಅಂಗಿಯ ಸಂಖ್ಯೆ 21. ಮೈದಾನದ ಬಲಗಡೆಯ ಗೋಡೆಯೂ 21 ಅಡಿ ಎತ್ತರ. ಅಕ್ಟೋಬರ್ 1ರ ಸಂಜೆ ಆ ಸೇತುವೆಯ ಮೇಲೆ ಹರಿದು ಬಂದವರೆಲ್ಲ ಕಪ್ಪು ಬಟ್ಟೆ ತೊಟ್ಟಿದ್ದರು, ಹಾಗೆ ಬನ್ನಿ ಎಂದು ಕೇಳಿಕೊಳ್ಳಲಾಗಿತ್ತು. 40 ಸಾವಿರಕ್ಕೂ ಹೆಚ್ಚು ಜನ. ತಂಡದ ಕಣ್ಮಣಿ ಆಂಡ್ರ್ಯೂ ಮೆಕಚನ್ ಅವರ ತಾಯಿ ರಾಷ್ಟ್ರಗೀತೆ ಹಾಡಿದರು. ಅಲ್ಲಿದ್ದ ಇಪ್ಪತ್ತರ ಹುಡುಗ ಹುಡುಗಿಯರು ತಮ್ಮ ಜನ್ಮದಲ್ಲಿ ಈ ತಂಡದ ಪ್ಲೇಆಫ್ ಪಂದ್ಯ ನೋಡಿದವರಲ್ಲ. ನಲವತ್ತು ದಾಟಿದವರು ಕೊನೆಯ ಬಾರಿ ನೋಡಿದ್ದು ಬ್ರೀಮ್ ಜಾರಿದ್ದನ್ನು.

ಸಿನ್ಸಿನಾಟಿಯ ಪಿಚ್ಚರ್ ಜಾನಿ ಕ್ವೇಟೊ. ಪೈರೇಟ್ಸ್ ಎದುರು ಅವರ ದಾಖಲೆ ಚೆನ್ನಾಗಿಯೇ ಇತ್ತು, ಆದರೆ ಆ ವರ್ಷ ಗಾಯದಿಂದ ನರಳಿ ಆಗಷ್ಟೇ ಮರಳಿದ್ದರು. ಜನ ಹೆಸರು ಹಿಡಿದರು. ಮೊದಲ ಅಕ್ಷರವನ್ನು ಎಳೆದೆಳೆದು, ಎರಡನೆಯದನ್ನು ಕೆಳಗಿಳಿಸಿ, ಕ್ವೇ... ಟೋ... ಶಾಲೆಯ ಅಂಗಳದಲ್ಲಿ ಹುಡುಗರು ಯಾರನ್ನೋ ರೇಗಿಸುವ ಅದೇ ರಾಗ. ನಲವತ್ತು ಸಾವಿರ ಜನ ಅದನ್ನು ಒಟ್ಟಿಗೆ ಹೇಳಿದಾಗ ತಮಾಷೆಯ ಅಂಶ ಉಳಿಯುವುದಿಲ್ಲ.

ಎರಡನೆಯ ಇನಿಂಗ್ಸ್. ಮಾರ್ಲನ್ ಬರ್ಡ್, ವಯಸ್ಸು 36, ಆಗಸ್ಟ್ ಕೊನೆಯಲ್ಲಷ್ಟೇ ನ್ಯೂಯಾರ್ಕ್‌ನಿಂದ ಬಂದವರು. ಹನ್ನೆರಡು ಋತು ಆಡಿಯೂ ಪ್ಲೇಆಫ್ ಕಾಣದವರು. ಪ್ಲೇಆಫ್‌ನಲ್ಲಿ ತಮ್ಮ ಮೊದಲ ಸರದಿಯಲ್ಲೇ ಹೋಮ್ ರನ್ ಹೊಡೆದರು. ಕೂಗು ಏರಿತು. ಸ್ವಲ್ಪ ಹೊತ್ತಿಗೆ ಮಾರ್ಟಿನ್ ಬಂದು ನಿಂತರು. ಕ್ವೇಟೊ ದಿಬ್ಬದ ಮೇಲೆ ಮುಂದಿನ ಎಸೆತಕ್ಕೆ ಅಣಿಯಾಗುತ್ತಿದ್ದರು. ಕೈಯಲ್ಲಿದ್ದ ಚೆಂಡು ಸುಮ್ಮನೆ ಜಾರಿ ನೆಲಕ್ಕೆ ಬಿತ್ತು, ಇಳಿಜಾರಿನಲ್ಲಿ ಉರುಳಿತು. ನಿಯಮದ ಪ್ರಕಾರ ಏನೂ ನಷ್ಟವಿಲ್ಲ, ಹೆಕ್ಕಿಕೊಂಡರೆ ಆಯಿತು. ಹೆಕ್ಕಿಕೊಂಡರು. ಮೈದಾನ ಹುಚ್ಚೆದ್ದಿತ್ತು. ಮುಂದಿನ ಎಸೆತವನ್ನು ಮಾರ್ಟಿನ್ ಎಡಗಡೆಯ ಪ್ರೇಕ್ಷಕರೊಳಗೆ ಬಾರಿಸಿದರು.

ಪಂದ್ಯ ಅಲ್ಲಿಗೆ ಮುಗಿದಿರಲಿಲ್ಲ, ಆದರೆ ಯಾರಿಗೂ ಅನುಮಾನ ಉಳಿದಿರಲಿಲ್ಲ. ನಾಲ್ಕನೆಯ ಇನಿಂಗ್ಸ್‌ನಲ್ಲಿ ಕ್ವೇಟೊ ಹೊರನಡೆದರು. ಲಿರಿಯಾನೊ ಏಳು ಇನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರು. ಮಾರ್ಟಿನ್ ಇನ್ನೊಂದು ಹೋಮ್ ರನ್ ಹೊಡೆದರು. 6-2. ಸಿನ್ಸಿನಾಟಿಯ ಮ್ಯಾನೇಜರ್ ಡಸ್ಟಿ ಬೇಕರ್ ಕೆಲವೇ ದಿನದಲ್ಲಿ ಕೆಲಸ ಕಳೆದುಕೊಂಡರು.

ಕೂಗಿಗೆ ಚೆಂಡು ಬಿತ್ತೇ? ಲೆಕ್ಕದವರನ್ನು ಕೇಳಿದರೆ ನಗುತ್ತಾರೆ. ಒಂದು ಘಟನೆಯಿಂದ ಏನನ್ನೂ ಸಾಧಿಸಲಾಗದು ಎನ್ನುತ್ತಾರೆ, ಅದು ಸರಿಯೇ. ಬೆವರಿದ ಬೆರಳು ಸಾಕು ಚೆಂಡು ಜಾರಲು. ಆದರೆ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. 2015ರಲ್ಲಿ ಕ್ವೇಟೊ ಕ್ಯಾನ್ಸಸ್ ಸಿಟಿ ತಂಡದಲ್ಲಿದ್ದರು. ಎದುರಾಳಿ ಟೊರೊಂಟೊ, 1993ರ ನಂತರ ಮೊದಲ ಬಾರಿ ಪ್ಲೇಆಫ್ ಕಂಡ ಇನ್ನೊಂದು ಹಸಿದ ಊರು. ಅವರಿಗೆ ಪಿಟ್ಸ್‌ಬರ್ಗಿನ ಪಾಠ ಬಾಯಿಪಾಠವಾಗಿತ್ತು, ಅದೇ ರಾಗ ತೆಗೆದರು. ಕ್ವೇಟೊ ಎರಡು ಇನಿಂಗ್ಸ್ ಮುಗಿಸಿ ಮೂರನೆಯದರಲ್ಲಿ ಒಬ್ಬರನ್ನೂ ಔಟ್ ಮಾಡಲಾಗದೆ ಎಂಟು ರನ್ ತೆತ್ತು ಹೋದರು. ಹತ್ತು ದಿನವೂ ಆಗಿಲ್ಲ, ವರ್ಲ್ಡ್ ಸೀರೀಸ್‌ನಲ್ಲಿ ತಮ್ಮ ತವರಿನ ಜನರ ಮುಂದೆ ಪೂರ್ತಿ ಒಂಬತ್ತು ಇನಿಂಗ್ಸ್ ಎಸೆದು ಎರಡೇ ಹಿಟ್ ಕೊಟ್ಟರು. ಮೂರು ಘಟನೆಯಿಂದಲೂ ಏನೂ ಸಾಧಿತವಾಗುವುದಿಲ್ಲ. ಆದರೂ ನಾನು ಪಿಟ್ಸ್‌ಬರ್ಗಿನವರ ಪಕ್ಷ. ಗೆರೆಯಂಚಿನ ಎಸೆತವನ್ನೂ ನೆಲದಲ್ಲಿ ಉರುಳುವ ಚೆಂಡನ್ನೂ ಎಣಿಸಿ ಎಣಿಸಿ ಗೆದ್ದ ತಂಡ ಅದು. ಅದರ ಅಭಿಮಾನಿಗಳು ನೆನಪಿಟ್ಟುಕೊಂಡದ್ದು ಮಾತ್ರ ಯಾವ ಕೋಷ್ಟಕಕ್ಕೂ ಸಿಗದ ಒಂದು ಕ್ಷಣವನ್ನು. ಇಪ್ಪತ್ತು ವರ್ಷ ಅವರು ಆಟಕ್ಕೆ ಏನೂ ಮಾಡಲಾಗದೆ ಕೂತಿದ್ದರು. ಅವತ್ತು ತಾವೇ ಚೆಂಡು ಬೀಳಿಸಿದೆವು ಎಂದು ಅವರು ನಂಬಿದರೆ ಆ ನಂಬಿಕೆ ಅವರು ದುಡಿದು ಗಳಿಸಿದ್ದು.

ಮುಂದಿನ ಸುತ್ತಿನಲ್ಲಿ ಸೇಂಟ್ ಲೂಯಿಸ್ ಎದುರು ಪೈರೇಟ್ಸ್ ಐದನೆಯ ಪಂದ್ಯದವರೆಗೆ ಹೋರಾಡಿ ಸೋತಿತು. ಮೆಕಚನ್ ಆ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರರಾದರು, ಹರ್ಡಲ್ ಅತ್ಯುತ್ತಮ ಮ್ಯಾನೇಜರ್. 2014 ಮತ್ತು 2015ರಲ್ಲೂ ತಂಡ ಅದೇ ಒಂದು ಪಂದ್ಯದ ಬಾಗಿಲಿಗೆ ಬಂತು. ಎರಡೂ ಸಲ ಎದುರಾಳಿ ಪಿಚ್ಚರ್‌ಗಳು ಒಂದು ರನ್ನನ್ನೂ ಕೊಡಲಿಲ್ಲ. 2015ರಲ್ಲಂತೂ 98 ಪಂದ್ಯ ಗೆದ್ದ ತಂಡ ಒಂದೇ ರಾತ್ರಿಯಲ್ಲಿ ಮನೆ ಸೇರಿತು.

ಪಿಟ್ಸ್‌ಬರ್ಗಿನವರಿಗೆ ನೆನಪನ್ನು ಸಾಕುವ ಕಲೆ ಹೊಸದಲ್ಲ. 1960ರ ಅಕ್ಟೋಬರ್ 13ರಂದು ಬಿಲ್ ಮೆಜರಾಸ್ಕಿ ಹೋಮ್ ರನ್ ಹೊಡೆದು ಯಾಂಕೀಸ್ ವಿರುದ್ಧ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಫೋರ್ಬ್ಸ್ ಫೀಲ್ಡ್ ಮೈದಾನ ಈಗಿಲ್ಲ, ಅದರ ಗೋಡೆಯ ಒಂದು ತುಂಡು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಬಳಿ ಉಳಿದಿದೆ. ಪ್ರತಿ ಅಕ್ಟೋಬರ್ 13ರಂದು ಜನ ಅಲ್ಲಿ ಸೇರಿ ಆ ಪಂದ್ಯದ ರೇಡಿಯೊ ಪ್ರಸಾರವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಾರೆ, ಫಲಿತಾಂಶ ಗೊತ್ತಿದ್ದೂ.

2013ರ ರಾತ್ರಿ ಆ ರೂಪದಲ್ಲಿ ಇನ್ನು ಮರುಕಳಿಸಲಾರದು. ಒಂದೇ ಪಂದ್ಯದ ವೈಲ್ಡ್ ಕಾರ್ಡನ್ನು 2022ರಲ್ಲಿ ಮೂರು ಪಂದ್ಯಗಳ ಸರಣಿಯಾಗಿ ಬದಲಿಸಿದರು. ಪೈರೇಟ್ಸ್ ನೆಚ್ಚಿಕೊಂಡಿದ್ದ ಫೀಲ್ಡರ್ ಜಾಗ ಬದಲಾವಣೆಗೂ 2023ರಿಂದ ಕಡಿವಾಣ ಬಿದ್ದಿದೆ. 2018ರಲ್ಲಿ ಬೇರೆ ತಂಡಕ್ಕೆ ಹೋಗಿದ್ದ ಮೆಕಚನ್ ಅದೇ 2023ರಲ್ಲಿ ಪಿಟ್ಸ್‌ಬರ್ಗಿಗೆ ಮರಳಿದರು, ಮೊದಲ ದಿನ ಜನ ಎದ್ದು ನಿಂತು ಕೂಗಿದರು. ತಂಡ ಮಾತ್ರ 2015ರ ನಂತರ 2025ರವರೆಗೆ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಈಗ ಅವರಲ್ಲಿ ಪಾಲ್ ಸ್ಕೀನ್ಸ್ ಎಂಬ ಪಿಚ್ಚರ್ ಇದ್ದಾರೆ. 2025ರಲ್ಲಿ ಲೀಗ್‌ನ ಶ್ರೇಷ್ಠ ಪಿಚ್ಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸರ್ವಾನುಮತದಿಂದ ಅವರಿಗೆ ಬಂತು. ಆ ವರ್ಷ ಅವರ ಲೆಕ್ಕಕ್ಕೆ ಸೇರಿದ್ದು 10 ಗೆಲುವು, 10 ಸೋಲು.